ಅತ್ತೆ ಒತ್ತಿದ ಮುದ್ರೆ

ಎಣಿಕೆ ಮುಗಿದಾಗ ನನಗೂ, ನನ್ನೆದುರು ನಿಂತಿದ್ದ ಹೊಲಿಗೆಯಾಕೆಗೂ ಸಮ ಸಮ ಓಟು. ಶಿಕಾರಿಪುರದ ಎಣಿಕೆ ಕೇಂದ್ರದಲ್ಲಿ ಅಧಿಕಾರಿ ಇನ್ನೊಮ್ಮೆ ಎಣಿಸಿದರು, ಅಷ್ಟೇ ಬಂತು. ಕೊನೆಗೆ ಇಬ್ಬರ ಹೆಸರನ್ನೂ ಚೀಟಿಯಲ್ಲಿ ಬರೆದು, ಡಬ್ಬಿಗೆ ಹಾಕಿ ಒಂದನ್ನು ಎತ್ತಿದರು. ನನ್ನ ಚೀಟಿ ಬಂತು. ಮಹಿಳಾ ಮೀಸಲು ಸೀಟಿನಲ್ಲಿ ನಾನು ಗ್ರಾಮ ಪಂಚಾಯ್ತಿ ಮೆಂಬರಾಗಿದ್ದು ಹೀಗೆ.

ಮನೆಗೆ ಬಂದಾಗ ಅತ್ತೆ ಹಟ್ಟಿಯಲ್ಲಿ ಕುರಿಮರಿಗಳಿಗೆ ಸೊಪ್ಪು ಹಾಕುತ್ತಿದ್ದರು.

"ಇನ್ನೊಂದೇ ಒಂದು ಓಟು ಬಿದ್ದಿದ್ರೆ ಚೀಟಿ ಎತ್ತೋದೇ ಬೇಕಿರ್ಲಿಲ್ಲ ಅತ್ತೆ! ಯಾರು ಕೈ ಕೊಟ್ರೋ ಏನೋ," ಅಂದೆ ನಗುತ್ತಾ.

"ನಾನೇ. ಅವಳಿಗೆ ಹಾಕಿದೆ," ಅಂದರು, ತಲೆ ಎತ್ತದೆ.

ಪಕ್ಕದಲ್ಲಿದ್ದ ನನ್ನ ಗಂಡ ತಮಾಷೆ ಅಂದುಕೊಂಡು ನಕ್ಕರು. ಅತ್ತೆ ನಗಲಿಲ್ಲ. ನಾನು ಅಲ್ಲೇ ಕೂತೆ. ಸೊರಬದ ಕಡೆಯಿಂದ ಸೊಸೆಯಾಗಿ ಬಂದು ಹದಿನೆಂಟು ವರ್ಷ. ಒಂದೇ ಒಲೆಯಲ್ಲಿ ಬೇಯಿಸಿ ತಿಂದವರು ನಾವು.

"ಯಾಕತ್ತೆ?"

"ನೀನು ಊರಲ್ಲಿ ಮನೆ ಮನೆಗೂ ಹೋಗಿ ಓಟು ಕೇಳಿದೆ. ನನ್ನ ಒಂದಿನ ಕೇಳಿದ್ಯಾ? ಅವಳು ಬಂದು ಇಲ್ಲೇ ಕೂತು, ನಿಮಗೇನು ಆಗ್ಬೇಕು ಅಂತ ಕೇಳಿದ್ಲು. ಊರ ಕುರಿಗಳು ನೀರು ಕುಡಿಯೋ ತೊಟ್ಟಿ ಒಡೆದಿರೋದು ಹೇಳಿದೆ. ಮೊದ್ಲು ನಿಮ್ಮ ಮಾವ ಹೇಳಿದ್ದಕ್ಕೆ ಮುದ್ರೆ ಒತ್ತುತ್ತಿದ್ದೆ, ಆಮೇಲೆ ಮಗ ಹೇಳಿದ್ದಕ್ಕೆ. ಈ ಸಲ ನನ್ನ ಮನಸ್ಸಿಗೆ ಬಂದಿದ್ದಕ್ಕೆ ಒತ್ತಿದೆ."

ಎರಡು ದಿನ ನಾನು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಪ್ರಚಾರಕ್ಕೆ ಹೊರಟ ದಿನವೇ ಮತದಾರರ ಪಟ್ಟಿಯಲ್ಲಿ ಎಲ್ಲರಿಗಿಂತ ಮೊದಲು ಅವರ ಹೆಸರಿಗೆ ಟಿಕ್ ಹಾಕಿದ್ದೆ. ಅವರನ್ನೂ ಕೇಳಬೇಕು ಅನ್ನೋದೇ ಹೊಳೆದಿರಲಿಲ್ಲ. ಅದು ನೆನಪಾದಾಗೆಲ್ಲ ಮುಖ ಬಿಸಿಯಾಗುತ್ತಿತ್ತು.

ಮೂರನೇ ದಿನ, "ತೊಟ್ಟಿ ಎಲ್ಲಿ ಒಡೆದಿದೆ, ತೋರಿಸ್ರಿ," ಅಂದೆ. ಅವರು ಮುಂದೆ ಮುಂದೆ ನಡೆದರು. ಬಿರುಕಿನೊಳಗೆ ನನ್ನ ಅಂಗೈ ಪೂರ್ತಿ ಹೋಯಿತು. ದಿನಾ ಅದೇ ದಾರಿಯಲ್ಲಿ ಓಡಾಡಿದವಳು ನಾನು.

ಪಂಚಾಯ್ತಿಯ ಮೊದಲ ಸಭೆಯಲ್ಲಿ ತೊಟ್ಟಿಯ ವಿಷಯ ಎತ್ತಿದೆ. ಬರೆದುಕೊಂಡೆವು ಅಂದರು. ಖುಷಿಯಿಂದ ಬಂದು ಹೇಳಿದರೆ ಅತ್ತೆ, "ಬರೆದಿದ್ದನ್ನ ಓದಿಸಿ ಕೇಳಿದ್ಯಾ?" ಅಂದರು.

ಮಾರನೇ ದಿನ ಪಂಚಾಯ್ತಿ ಆಫೀಸಿಗೆ ಹೋಗಿ ಸಭೆಯ ನಡಾವಳಿ ಪುಸ್ತಕ ತೆಗೆಸಿದೆ. ಓದದೆ ಹಾಕಿದ್ದ ನನ್ನ ಸಹಿ ಇತ್ತು. ತೊಟ್ಟಿಯ ಬಗ್ಗೆ ಒಂದಕ್ಷರ ಇರಲಿಲ್ಲ. ಮುಂದಿನ ಸಭೆಯಲ್ಲಿ ಮತ್ತೆ ಎತ್ತಿ, ಬರೆಸಿ, ಎಲ್ಲರೆದುರು ಗಟ್ಟಿಯಾಗಿ ಓದಿಸಿದ ಮೇಲೇ ಸಹಿ ಹಾಕಿದೆ.

ಬೇಸಿಗೆಗೆ ಮುಂಚೆ ತೊಟ್ಟಿ ರಿಪೇರಿಯಾಯಿತು. ಅತ್ತೆ ಹೋಗಿ ನೋಡಿ ಬಂದು, ಸೋರುತ್ತಿಲ್ಲ ಅಂದರು. ಅಷ್ಟೇ.