ಇಲಿಗಳ ಬಾಣಂತನ ಮಾಡಿದ ರೇಣವ್ವ

ಇಲಿಗಳ ಕೋಣೆಯ ಬಾಗಿಲು ತೆಗೆಯುವ ಮೊದಲು ರೇಣವ್ವ ಒಮ್ಮೆ ಕೆಮ್ಮುತ್ತಿದ್ದಳು. ಬಾಣಂತಿ ಇರುವ ಮನೆಗೆ ಹೇಳದೆ ಕೇಳದೆ ನುಗ್ಗಬಾರದಲ್ಲ, ಹಾಗೆ. ಬಾಗಲಕೋಟೆಯ ಕಾಲೇಜೊಂದರಲ್ಲಿ ನಾನು ಸಂಶೋಧನೆ ಮಾಡುತ್ತಿದ್ದ ವರ್ಷಗಳಲ್ಲಿ ಪಂಜರ ತೊಳೆದು, ನೀರಿಟ್ಟು, ಹಾಸಿದ ಹೊಟ್ಟು ಬದಲಿಸುವ ಕೆಲಸ ಅವಳದು. ಶಿರೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು.

ನನ್ನ ಕೆಲಸ ಕಂಡರೆ ಅವಳಿಗೆ ಸಿಟ್ಟು. ಬಸುರಿ ಇಲಿಗೆ ಸೂಜಿ ಚುಚ್ಚಿ, ಸೋಂಕು ತಗುಲಿತೆಂದು ಅದರ ಮೈ ನಂಬುವಂತೆ ಮಾಡುವುದು; ಮುಂದೆ ಹುಟ್ಟುವ ಮರಿಗಳ ನಡವಳಿಕೆ ಬದಲಾಗುತ್ತದೆಯೇ ಎಂದು ನೋಡುವುದು. ಅಂಥ ಕೆಲವು ಮರಿಗಳು ಉಳಿದವುಗಳ ಜೊತೆ ಬೆರೆಯುವುದಿಲ್ಲ. ಮುಂದೆ ಗೋಲಿ ಇಟ್ಟರೆ ಹೊಟ್ಟಿನಲ್ಲಿ ಹೂಳುತ್ತಲೇ ಇರುತ್ತವೆ.

"ಬಸುರಿಗೆ ಜಡ್ಡು ಹಚ್ಚಿ ಏನು ಓದ್ತೀರಿ ಅಕ್ಕಾರ? ನಿಮ್ಮವ್ವಗ ಗೊತ್ತೈತೇನ್ರಿ ಇದು?" ಎನ್ನುತ್ತಿದ್ದಳು.

ಒಂದು ದಿನ, ಚುಚ್ಚಿದ ತಾಯಂದಿರ ಪಂಜರಗಳಲ್ಲಷ್ಟೇ ಹಳೆಯ ಇಳಕಲ್ ಸೀರೆಯ ಚೂರುಗಳು ಕಂಡವು. ಗೂಡು ಬೆಚ್ಚಗಿರಲೆಂದು ರೇಣವ್ವನೇ ಹಾಕಿದ್ದಳು. ಪಂಜರಗಳೆಲ್ಲ ಒಂದೇ ತರಹ ಇರದಿದ್ದರೆ ಮರಿಗಳು ಬದಲಾದದ್ದು ಸೂಜಿಯಿಂದಲೋ ಸೀರೆಯ ಚೂರಿನಿಂದಲೋ ಹೇಳಲಾಗದು. ತಿಂಗಳುಗಟ್ಟಲೆಯ ಕೆಲಸ ಹಾಳಾಯಿತೆಂದು ರೇಗಾಡಿದೆ. ಅವಳು ಮರಿಗಳಿಗೆ ನೋವಾಗದಂತೆ ಚೂರುಗಳನ್ನು ಒಂದೊಂದಾಗಿ ಎತ್ತಿದಳು. ಆಮೇಲೆ ನೆಲದ ಮೇಲೆ ಕುಳಿತು ಕೇಳಿದಳು:

"ನಮ್ಮ ಶಾಂತಾ ಹೊಟ್ಟ್ಯಾಗ ಇದ್ದಾಗ ನನಗ ಎಂಟ್ ದಿನ ಜ್ವರ ಬಂದಿತ್ರಿ. ದವಾಖಾನಿಗೆ ಹೋಗಲಿಲ್ಲ ನಾ. ಆಕಿ ಈಗ ಯಾರ ಕೂಡಾನೂ ಬೆರೆಯೂದಿಲ್ಲ, ಮಾತಾಡೂದಿಲ್ಲ. ನನ್ನ ಜ್ವರದಿಂದನ ಆತೇನ್ರಿ?"

ಜ್ವರ ಬಂದ ಎಷ್ಟೋ ತಾಯಂದಿರ ಮಕ್ಕಳು ಎಲ್ಲರಂತೆಯೇ ಇದ್ದಾರೆ. ಇಲಿಯಲ್ಲಿ ಕಂಡದ್ದನ್ನು ಇಟ್ಟುಕೊಂಡು ಶಿರೂರಿನ ಒಬ್ಬ ಹುಡುಗಿ ಯಾಕೆ ಹೀಗೆ ಎಂದು ಹೇಳಲು ಬರುವುದಿಲ್ಲ. ನನಗೆ ಗೊತ್ತಿಲ್ಲ ರೇಣವ್ವ, ಎಂದೆ. ಸಂಶೋಧನೆ ಮಾಡುವವಳ ಬಾಯಲ್ಲಿ ಆ ಮಾತು ಬಂದದ್ದಕ್ಕೆ ನಾಚಿಕೆಯಾಯಿತು.

ಅವಳು ಸೀರೆಯ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು.

"ಗೊತ್ತಿಲ್ಲಂದ್ರಲ್ಲ, ಅಷ್ಟ ಸಾಕ್ರಿ. ಇಪ್ಪತ್ತು ವರ್ಷ ಆತು, ನಮ್ಮತ್ತಿಗೂ ಗೊತ್ತಿತ್ತು, ಓಣ್ಯಾಗಿನವರಿಗೂ ಗೊತ್ತಿತ್ತು, ಎಲ್ಲಾ ನಂದ ತಪ್ಪಂತ."

ನಾನು ಧಾರವಾಡದಲ್ಲಿ ಕೆಲಸಕ್ಕೆ ಸೇರಿದ ಮರುವರ್ಷ ರೇಣವ್ವ ತೀರಿಕೊಂಡಳು. ಸುದ್ದಿ ತಡವಾಗಿ ಮುಟ್ಟಿತು. ಶಿರೂರಿಗೆ ಹೋದಾಗ ಶಾಂತಾ ಪಡಸಾಲೆಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನಾನು ಯಾರೆಂದು ಹೇಳಿದೆ. ಅವಳು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚಾಪೆಯಲ್ಲಿ ಅತ್ತ ಸರಿದು ಜಾಗ ಮಾಡಿದಳು. ರಾಶಿಯಲ್ಲಿ ಅರ್ಧ ನನ್ನ ಮುಂದೆ ನೂಕಿದಳು. ಮಾತಿಲ್ಲದೆ ಇಬ್ಬರೂ ಸಂಜೆಯವರೆಗೆ ತೊಟ್ಟು ಮುರಿದೆವು.

ಶಾಂತಾ ನನಗೆ ಜಾಗ ಮಾಡಿಕೊಟ್ಟಳೆಂದು ಯಾರಿಗೆ ಹೇಳಬೇಕಿತ್ತೋ ಅವಳೊಬ್ಬಳೇ ಆ ಮನೆಯಲ್ಲಿ ಇರಲಿಲ್ಲ.