ಇಬ್ರಿಯ ಕುರಿ ಕೊಟ್ಟಿಗೆಯಲ್ಲಿ ಒಂದು ಕ್ಷೌರ

ಒಮಾನಿನ ಸೀಬಿನಲ್ಲಿ ಸಲೂನ್ ಇಟ್ಟಿದ್ದ ಸಂಕಪ್ಪ ಭಂಡಾರಿಯದು ಮಾತು ಕಡಿಮೆ. ಬಾಯಿ ಸತ್ತ ಕ್ಷೌರಿಕನನ್ನು ನೀವೆಲ್ಲಿ ನೋಡಿದ್ದೀರಿ? ಒಮಾನಿಗೆ ಬಂದ ಮೊದಲ ವರ್ಷಗಳ ಸುದ್ದಿಯನ್ನಂತೂ ಅವನು ಹೆಂಡತಿ ಲೋಲಾಕ್ಷಿಗೂ ಬಿಟ್ಟುಕೊಟ್ಟಿರಲಿಲ್ಲ. ಇಬ್ರಿ ಪಟ್ಟಣದ ಸಲೂನಿನಲ್ಲಿದ್ದೆ ಎಂದಷ್ಟೇ ಹೇಳಿದ್ದ.

ಸಲೂನೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. 1982ರಲ್ಲಿ ಬಂದಿಳಿದವನನ್ನು ವೀಸಾ ಕೊಟ್ಟ ಧಣಿ, ಕಫೀಲ್, ಇಬ್ರಿಯಾಚೆಯ ಮರಳುಗಾಡಿನ ಕೊಟ್ಟಿಗೆಯೊಂದರಲ್ಲಿ ಬಿಟ್ಟು, ಕತ್ತರಿ ಹಿಡಿಯುವವನಿಗೆ ಮನುಷ್ಯನ ತಲೆಯಾದರೇನು, ಕುರಿಯಾದರೇನು ಎಂದು ನಕ್ಕು ಹೋದ. ಕುರಿಗಳ ಉಣ್ಣೆ ತೆಗೆಯುವ ಕೆಲಸ. ಕುರಿಯನ್ನು ಮಗುವಿನಂತೆ ಮಡಿಲಿಗೆ ಒರಗಿಸಿಕೊಂಡು ಕತ್ತರಿಯಾಡಿಸುವುದನ್ನು ಅಲ್ಲಿದ್ದ ಹಮೂದಜ್ಜ ಕಲಿಸಿದರು. ಸಂಕಪ್ಪ ಕಣ್ಣೊರೆಸಿಕೊಳ್ಳುವುದನ್ನು ಕಂಡರೂ ಕಾಣದಂತಿದ್ದು, ಖಾವಾ ಕಾಫಿಯ ಜೊತೆ ಅವನಿಗೆ ಖರ್ಜೂರ ಹೆಚ್ಚಿಗೆ ಇಡುತ್ತಿದ್ದರು.

ಒಂದು ದಿನ ಊರಿನಿಂದ ಅಪ್ಪ ತೀರಿಹೋದ ಸುದ್ದಿ ಬಂತು, ಉತ್ತರಕ್ರಿಯೆಯೆಲ್ಲ ಮುಗಿದ ಮೇಲೆ. ಅಪ್ಪ ಸತ್ತರೆ ಮಗ ತಲೆ, ಮೀಸೆ ತೆಗೆಸಬೇಕು. ಕ್ಷೌರಿಕನಾದರೂ ತನ್ನದನ್ನು ತಾನೇ ತೆಗೆದುಕೊಳ್ಳುವಂತಿಲ್ಲ, ಇನ್ನೊಬ್ಬರ ಕೈಯೇ ಬೇಕು. ಆ ಮರಳಿನಲ್ಲಿ ಯಾರ ಕೈ ಸಿಗಬೇಕು? ವಿಷಯ ತಿಳಿದ ಹಮೂದಜ್ಜ ಅವನ ತಲೆಯನ್ನು ಮಡಿಲಿಗೆ ಒರಗಿಸಿಕೊಂಡು, ಕುರಿಯ ಕತ್ತರಿಯಲ್ಲೇ ಕೂದಲು, ಮೀಸೆಯನ್ನು ಬುಡದವರೆಗೆ ಕತ್ತರಿಸಿದರು. ಒಂದು ಗೀರೂ ಬೀಳಲಿಲ್ಲ. ನಿನ್ನ ಅಂಗಡಿಯಾದ ಮೇಲೆ ನನ್ನ ಗಡ್ಡವನ್ನು ನೀನೇ ಒಪ್ಪ ಮಾಡಬೇಕು ಎಂದರು. ಸಂಕಪ್ಪ ಮಾತು ಕೊಟ್ಟ.

ಸೀಬಿನಲ್ಲಿ ಅಂಗಡಿಯಾಯಿತು, ಲೋಲಾಕ್ಷಿಯೂ ಬಂದಳು. ರಜೆಯ ಶುಕ್ರವಾರವೇ ಗಿರಾಕಿ ಜಾಸ್ತಿ. ಮುಂದಿನ ವಾರ ಹಮೂದಜ್ಜನಲ್ಲಿಗೆ ಹೋದರಾಯಿತು ಎನ್ನುತ್ತಲೇ ವರ್ಷಗಳು ಉರುಳಿದವು. ನಿಜ ಹೇಳಬೇಕೆಂದರೆ, ಕುರಿಯ ಸಂಗತಿ ಹೊರಬಿದ್ದೀತೆಂಬ ನಾಚಿಕೆ ಗಿರಾಕಿಗಿಂತ ದೊಡ್ಡದಿತ್ತು.

1996ರಲ್ಲಿ ತುಳುವರ ಪಿಕ್ನಿಕ್ ಬಸ್ಸು ಇಬ್ರಿಗೆ ಹೊರಟಿತು. ಅಲ್ಲಿ ಹಳೆಯ ಉಣ್ಣೆ ಕೊಟ್ಟಿಗೆಯೊಂದನ್ನು ಜನ ನೋಡಲೆಂದು ರಿಪೇರಿ ಮಾಡಿಟ್ಟಿದ್ದಾರಂತೆ. ಸಂಕಪ್ಪ ಕತ್ತರಿ, ರೇಜರು, ಸಾಬೂನು ಚೀಲಕ್ಕೆ ಹಾಕಿಕೊಂಡ. ಪಿಕ್ನಿಕ್ಕಿನಲ್ಲೂ ಗಿರಾಕಿ ಹುಡುಕುತ್ತಾರೆಂದು ಲೋಲಾಕ್ಷಿ ನಕ್ಕಳು.

ಅದೇ ಕೊಟ್ಟಿಗೆ. ಗೋಡೆಗೆ ಸುಣ್ಣ ಬಳಿದಿದ್ದರು, ಕುರಿಯ ವಾಸನೆಯೂ ಉಳಿದಿರಲಿಲ್ಲ. ಬಾಗಿಲಲ್ಲಿದ್ದ ಹಮೂದಜ್ಜನ ಮಗ ನಾಸಿರ್ ಗುರುತು ಹಿಡಿದು ಅಪ್ಪಿಕೊಂಡ. ಅಜ್ಜ ಕಳೆದ ಚಳಿಗಾಲದಲ್ಲಿ ತೀರಿಹೋಗಿದ್ದರು. ಹಾಸಿಗೆ ಹಿಡಿದಿದ್ದಾಗ ಗಡ್ಡ ಸರಿಮಾಡುತ್ತೇವೆಂದು ಬಂದವರನ್ನೆಲ್ಲ, ನನ್ನ ಕ್ಷೌರಿಕ ಬರುವವನಿದ್ದಾನೆ ಎಂದು ವಾಪಸು ಕಳಿಸುತ್ತಿದ್ದರಂತೆ.

ಸಂಕಪ್ಪ ಚೀಲದಿಂದ ಸಾಬೂನು, ರೇಜರು ತೆಗೆದ. ಕುರಿಗಳನ್ನು ಮಲಗಿಸುತ್ತಿದ್ದ ಜಾಗದಲ್ಲೇ ಕೂತು, ರೇಜರನ್ನು ನಾಸಿರನ ಕೈಗಿತ್ತು ತನ್ನ ಮೀಸೆ ತೋರಿಸಿದ. ನಾಸಿರ್ ಅವನ ತಲೆಯನ್ನು ಮಡಿಲಿಗೆ ಒರಗಿಸಿಕೊಂಡ. ಬಸ್ಸಿನವರೆಲ್ಲ ಬಾಗಿಲಲ್ಲಿ ನೆರೆದರು.

ಲೋಲಾಕ್ಷಿ ಗಾಬರಿಯಿಂದ ಒಳಗೆ ಬಂದಳು. "ಇದೆಂತದು ಮಾರಾಯ್ರೆ, ಮೀಸೆ ಯಾಕೆ ತೆಗೆಸುದು? ಮಾವ ತೀರಿಹೋಗಿ ಎಷ್ಟು ಕಾಲ ಆಯ್ತು!"

ಸಂಕಪ್ಪ ಎಲ್ಲರಿಗೂ ಕೇಳುವಂತೆಯೇ ಹೇಳಿದ. "ನಾನು ಇಲ್ಲಿ ಕುರಿಯ ಉಣ್ಣೆ ತೆಗೀತಿದ್ದದ್ದು, ಲೋಲಾಕ್ಷಿ. ಇಲ್ಲಿ ನನಗೆ ಇನ್ನೊಬ್ರು ಅಪ್ಪ ಇದ್ರು."