ತೋರಣದ ಪಕ್ಕದ ಪೈಪು

ನನ್ನ ಮಾವನ ಬಲಗೈ ತೋರುಬೆರಳಿಗೆ ತುದಿ ಇರಲಿಲ್ಲ. ಅವರು ಲಾರಿ ಮೆಕ್ಯಾನಿಕ್ ಆಗಿದ್ದ ಕಾಲದಲ್ಲಿ ಫ್ಯಾನ್ ಬೆಲ್ಟ್ ಅದನ್ನು ಉಗುರು ಸಮೇತ ತೆಗೆದುಕೊಂಡು ಹೋಗಿತ್ತು. ಉಳಿದ ಮೊಂಡು ಬೆರಳಿನ ಚರ್ಮ ಹಸುಗೂಸಿನ ಕೆನ್ನೆಯಷ್ಟು ತೆಳು. ಇಂಜಿನ್ನಿನ ಯಾವ ಸಂದಿಯಲ್ಲಿ ಎಣ್ಣೆ ಜಿನುಗಿದರೂ ಅದಕ್ಕೆ ಗೊತ್ತಾಗುತ್ತಿತ್ತು. ಮುಟ್ಟಿ, ಮೂಸಿ, ಇದು ಬ್ರೇಕಿನದು, ಇದು ಸ್ಟೀರಿಂಗಿನದು ಎಂದು ಹೇಳಿಬಿಡುತ್ತಿದ್ದರು. ಆಮೇಲೆ ಅದೇ ಬೆರಳನ್ನು ನನ್ನ ಮುಖದ ಮುಂದೆ ಆಡಿಸಿ, "ಈ ಮೊಂಡು ಬೆರಳಿಗಿರೋ ಬುದ್ಧಿ ನಿನ್ ತಲೆಗಿಲ್ವಲ್ಲಮ್ಮ" ಅನ್ನುತ್ತಿದ್ದರು.

ನಾನು ಅವರ ಒಬ್ಬಳೇ ಸೊಸೆ. ದೇವನಹಳ್ಳಿ ಕೋಟೆಯ ಹಿಂದಿನ ನಮ್ಮ ಬೀದಿಯಿಂದ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತೇನೆ. ಗಂಡ ದಾಬಸ್‌ಪೇಟೆಯ ಕಾರ್ಖಾನೆಯಲ್ಲಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ನಾನು ಗಾಡಿ ಓಡಿಸುತ್ತೇನೆಂದಾಗ ಬೀದಿಯೆಲ್ಲ ಬಾಯಿ ಮಾಡಿತು, ಮಾವ ಮಾತ್ರ ಬೇಡವೆನ್ನಲಿಲ್ಲ. ರಿಪೇರಿ ಬಾರದವರು ಸ್ಟೀರಿಂಗ್ ಹಿಡಿಯಬಾರದು, ಕಲಿತರೆ ಓಡಿಸು, ಇಲ್ಲವಾದರೆ ಒಲೆ ಮುಂದೆ ಕೂತಿರು ಎಂದರು. ಕಲಿಸಿದರು ಕೂಡ. ಆದರೆ ಕಲಿಸಿದ್ದಕ್ಕಿಂತ ಅವಮಾನ ಮಾಡಿದ್ದೇ ಹೆಚ್ಚು. ಹಾಗೆ ಹೇಳಲು ನನಗೆ ಈಗಲೂ ಸಂಕೋಚವಿಲ್ಲ.

ಮೊದಲ ವರ್ಷ ಒಂದು ಪೈಪು ಸೋರಿದಾಗ ನಾನು ಬದಲಾಯಿಸದೆ ಟೇಪು ಸುತ್ತಿಬಿಟ್ಟಿದ್ದೆ. ತವರಿನಿಂದ ಅಮ್ಮ ಬಂದ ದಿನವೇ ಅದು ಮಾವನ ಬೆರಳಿಗೆ ಸಿಕ್ಕಿತು. ಆ ತುಂಡನ್ನು ಕತ್ತರಿಸಿ ತಂದು ತಲೆಬಾಗಿಲಿನ ಮೇಲೆ, ಮಾವಿನೆಲೆ ತೋರಣದ ಪಕ್ಕದ ಮೊಳೆಗೆ ನೇತುಹಾಕಿದರು. "ನೋಡ್ರಮ್ಮ, ನಿಮ್ ಮಗಳ ಕೆಲ್ಸ. ಬರೋರು ಹೋಗೋರೆಲ್ಲ ನೋಡ್ಲಿ ಅಂತ ಕಟ್ಟಿದೀನಿ" ಎಂದರು. ಅಮ್ಮ ನಗಬೇಕೋ ಅಳಬೇಕೋ ತಿಳಿಯದೆ ಕಾಫಿ ಲೋಟ ನೋಡುತ್ತ ಕೂತಳು. ಎಣ್ಣೆ ತೊಟ್ಟಿಕ್ಕಿ ಹೊಸ್ತಿಲ ರಂಗೋಲಿ ಕೆಟ್ಟಿತು. ಹದಿನೈದು ದಿನ ಆ ಪೈಪು ಅಲ್ಲೇ ನೇತಾಡಿತು. ಅವತ್ತಿನಿಂದ ನಾನು ಬಯಸಿದ್ದು ಒಂದೇ: ಈ ಮನುಷ್ಯನ ಕೈಯಿಂದ ಒಂದು ತಪ್ಪಾಗಬೇಕು, ಅದು ನನ್ನ ಕಣ್ಣಿಗೆ ಬೀಳಬೇಕು.

ಮಾವ ದೇವರಿಗೆ ಕೈ ಮುಗಿದದ್ದನ್ನು ನಾನು ಕಂಡಿಲ್ಲ. ಆಯುಧಪೂಜೆಯ ದಿನ ಕುಂಕುಮ ಇಟ್ಟರೆ ಮೈಲೇಜ್ ಜಾಸ್ತಿ ಬರುತ್ತಾ ಎಂದು ಹಂಗಿಸುವವರು. ಆದರೆ ಪ್ರತಿ ಅಮಾವಾಸ್ಯೆ ಬೆಳಿಗ್ಗೆ ನಾನು ಗಾಡಿಯ ಹತ್ತಿರ ಬರುವಷ್ಟರಲ್ಲಿ ಮುಂದಿನ ಜಾಲರಿಗೆ ಹೊಸ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿರುತ್ತಿದ್ದವು. ಒಮ್ಮೆ ಕಿಟಕಿಯಿಂದ ನೋಡಿದೆ, ಕಟ್ಟುತ್ತಿದ್ದವರು ಅವರೇ. ಎಲ್ಲರಂತೆ ದಾರದಲ್ಲಿ ಕಟ್ಟುತ್ತಿರಲಿಲ್ಲ, ತಂತಿಯಲ್ಲಿ ಬಿಗಿಯುತ್ತಿದ್ದರು. ದಾರದ ಮೇಲೆ ಆ ಕೈಗೆ ನಂಬಿಕೆಯಿರಲಿಲ್ಲ. ಈ ಬಗ್ಗೆ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಹೋದ ವರ್ಷ ಸ್ಟೀರಿಂಗ್ ಬಿಗಿಯಾಯಿತು. ತಿರುಗಿಸಿದರೆ ಗುಂಯ್ ಅನ್ನುತ್ತಿತ್ತು. ಬೆಳಿಗ್ಗೆ ತುಂಬಿಸಿದ ಪವರ್ ಸ್ಟೀರಿಂಗ್ ಎಣ್ಣೆ ಸಂಜೆಗೆ ಡಬ್ಬಿಯ ಕೆಳಗಿನ ಗೆರೆಗೆ ಇಳಿದಿರುತ್ತಿತ್ತು. ಮಾವ ಜಗಲಿಯಿಂದ ಏಳಲಿಲ್ಲ. ಕಲಿತಿದ್ದೀಯಲ್ಲ, ಹುಡುಕು ಎಂದರು. ಹುಡುಕುವ ಕ್ರಮ ಅವರದೇ ಪಾಠ. ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು ಒರೆಸಿ ಒಣಗಿಸಬೇಕು, ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಬೇಕು, ಇಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಬೇಕು. ಪೌಡರ್ ಎಲ್ಲಿ ಮೊದಲು ಒದ್ದೆಯಾಯಿತೋ ಅಲ್ಲಿ ಕಳ್ಳ. "ತೊಟ್ಟಿಕ್ಕೋ ಜಾಗ ನೋಡ್ಬೇಡ, ಹುಟ್ಟೋ ಜಾಗ ನೋಡು" ಎಂದು ನೂರು ಸಲ ಹೇಳಿದ್ದರು.

ಎರಡು ದಿನ ನಾನು ತೊಟ್ಟಿಕ್ಕುವ ಜಾಗವನ್ನೇ ನೋಡಿದೆ. ಪಂಪು ಒದ್ದೆಯಾಗಿತ್ತು, ಅದರ ಕ್ಲಿಪ್ಪು ಬದಲಾಯಿಸಿದೆ. ಮರುದಿನ ಮತ್ತೆ ಒದ್ದೆ. ಗ್ಯಾರೇಜಿಗೆ ಹೋಗಿ ಹೆಣ್ಣು ಹೆಂಗಸು ಅಂತ ಹೇಳಿಕೋ, ಕರುಣೆ ತೋರಿಸುತ್ತಾರೆ ಎಂದು ಮಾವ ಬೀದಿಗೆಲ್ಲ ಕೇಳುವಂತೆ ಅಂದರು. ಮೂರನೇ ದಿನ ರೇಡಿಯೇಟರಿನ ಮುಂದಕ್ಕೂ ಪೌಡರ್ ಉದುರಿಸಿದೆ. ಎಣ್ಣೆ ತಣ್ಣಗಾಗಲು ಹಾದುಹೋಗುವ ಸಣ್ಣ ರಬ್ಬರ್ ಪೈಪೊಂದು ಅಲ್ಲಿದೆ. ಅದರ ಮೇಲೆ ಕೆಂಪು ಕಲೆ ಮೂಡಿತು. ಅಲ್ಲಿ ಹುಟ್ಟಿದ ಎಣ್ಣೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹಾರಿ ಪಂಪನ್ನು ನೆನೆಸುತ್ತಿತ್ತು. ಬೆರಳು ಹಾಕಿದೆ, ಏನೋ ಚುಚ್ಚಿತು. ನಿಂಬೆಹಣ್ಣಿನ ತಂತಿ. ತಿಂಗಳು ತಿಂಗಳೂ ಜಾಲರಿಯ ಒಳಗೆ ಮಡಚಿಟ್ಟ ತುದಿಗಳು, ಗಾಡಿ ಕುಲುಕಿದಾಗಲೆಲ್ಲ ಪೈಪನ್ನು ಕೊರೆದಿದ್ದವು.

ಜಾಕ್ ಕೇಳಲು ಬಂದಿದ್ದ ಇಬ್ಬರು ಡ್ರೈವರ್‌ಗಳು ಪಕ್ಕದಲ್ಲೇ ನಿಂತಿದ್ದರು. ಅವರು ಹೋಗುವವರೆಗೆ ಕಾಯಬಹುದಿತ್ತು. ಕಾಯಲಿಲ್ಲ.

"ಮಾವ, ಬಂದು ನೋಡಿ. ನೀವು ಕಟ್ಟಿದ ತಂತಿ ಪೈಪು ಕೊರೆದಿದೆ. ಆ ಮೊಂಡು ಬೆರಳನ್ನ ಇನ್ಮೇಲೆ ನನ್ ಗಾಡಿ ಹತ್ರ ತರ್ಬೇಡಿ."

ಡ್ರೈವರ್‌ಗಳು ನಕ್ಕರು. ಮಾವ ಎದ್ದು ಬಂದು ಬೆರಳನ್ನು ಪೈಪಿನ ಮೇಲಿಟ್ಟರು, ಮೂಸಲಿಲ್ಲ. "ಹೌದು, ನಂದೇ ತಪ್ಪು" ಎಂದು ಒಳಗೆ ಹೋದರು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಹೊಸ ಪೈಪು ಹಾಕಿ, ಎರಡೂ ಕಡೆ ಕ್ಲಿಪ್ಪು ಬಿಗಿದು, ಎಣ್ಣೆ ತುಂಬಿ, ಗುಳ್ಳೆ ನಿಲ್ಲುವವರೆಗೆ ಸ್ಟೀರಿಂಗ್ ತಿರುಗಿಸಿದೆ. ಆಮೇಲೆ ಕೊರೆದುಹೋದ ಪೈಪನ್ನು ತಂತಿ, ನಿಂಬೆಹಣ್ಣುಗಳ ಸಮೇತ ತಂದು, ಹಿಂದೆ ನನ್ನದು ನೇತಾಡಿದ್ದ ಅದೇ ಮೊಳೆಗೆ ನೇತುಹಾಕಿದೆ.

ಮಾವ ಎತ್ತರದ ಆಳು. ಅದು ತಲೆಗೆ ತಾಗದಂತೆ ಬಗ್ಗಿ ಒಳಗೆ ಬರುವರು, ಬಗ್ಗಿ ಹೊರಗೆ ಹೋಗುವರು. ತೆಗೆ ಎಂದು ಒಂದು ದಿನವೂ ಹೇಳಲಿಲ್ಲ. ಗಂಡ ಹೇಳಿದರು. ನಿಮ್ಮಪ್ಪ ಕಟ್ಟಿದಾಗ ಎಲ್ಲಿದ್ದಿರಿ ಎಂದು ಕೇಳಿದೆ. ಹದಿನೈದು ದಿನ ಕಳೆದು ತಿಂಗಳುಗಳಾದವು. ಮಾವನ ಬೈಗುಳ ನಿಂತಿತು, ಅಮಾವಾಸ್ಯೆಗೆ ಜಾಲರಿ ಬರಿದಾಗಿರತೊಡಗಿತು. ಗೆದ್ದೆ ಅಂದುಕೊಂಡೆ.

ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ಸ್ಪ್ಯಾನರ್ ಹುಡುಕುತ್ತ ಅವರ ಕಬ್ಬಿಣದ ಪೆಟ್ಟಿಗೆ ತೆರೆದರೆ, ಮೇಲೆಯೇ ಪೇಪರಿನ ಪೊಟ್ಟಣವಿತ್ತು. ಒಳಗೆ ಒಣಗಿ ಕಲ್ಲಾದ ಎರಡು ನಿಂಬೆಹಣ್ಣು, ಸುಕ್ಕುಗಟ್ಟಿದ ಮೆಣಸಿನಕಾಯಿ. ಎರಡು ಅಮಾವಾಸ್ಯೆಯವು. ಬಿಳಿ ನೂಲಿನಲ್ಲಿ ಪೋಣಿಸಿ, ಜಾಲರಿಗೆ ಕಟ್ಟಲು ತುದಿಗಳನ್ನು ಉದ್ದ ಬಿಟ್ಟಿದ್ದರು. ಕೋಣೆಯಿಂದ ಅವರ ಕೆಮ್ಮು ಕೇಳಿಸುತ್ತಿತ್ತು. ಹೋಗಿ ಒಂದು ಮಾತಾಡಬಹುದಿತ್ತು. ಮೊಳೆಯಿಂದ ಆ ಪೈಪನ್ನಾದರೂ ತೆಗೆಯಬಹುದಿತ್ತು. ಏರ್‌ಪೋರ್ಟಿಗೆ ಬುಕಿಂಗ್ ಇತ್ತು, ಸಂಜೆ ನೋಡೋಣವೆಂದು ಹೊರಟೆ. ಸಂಜೆಯೂ ತೆಗೆಯಲಿಲ್ಲ. ತೆಗೆದರೆ ಸೋತಂತೆ ಅನ್ನಿಸಿತು.

ಈಗ ಎಂಥ ಸೋರಿಕೆಯಾದರೂ ನನ್ನ ಕೈಗೆ ಸಿಗುತ್ತದೆ. ಡ್ರೈವರ್‌ಗಳು ಮನೆಗೇ ಹುಡುಕಿಕೊಂಡು ಬರುತ್ತಾರೆ. ಅವರಿಗೆ ಹೇಳಿಕೊಡುವುದು ಮಾವನ ಪಾಠ, ಬೈಯುವುದು ಮಾವನ ಬೈಗುಳ. ನನ್ನದು ಅನ್ನುವಂಥದ್ದು ಅದರಲ್ಲಿ ಏನೂ ಇಲ್ಲ.

ಪೈಪನ್ನು ಕೊನೆಗೆ ತೆಗೆದವಳು ನಾನೇ. ಮಾವನನ್ನು ಹೊತ್ತು ಹೊರಗೆ ತರುತ್ತಿದ್ದರು. ಮುಂದಿದ್ದವರು ಬಾಗಿಲಲ್ಲಿ ನಿಂತು, ಮೇಲೇನೋ ತಾಗುತ್ತದೆ, ತೆಗೀರಮ್ಮ ಎಂದರು. ಅವತ್ತು ಮಾವ ಬಗ್ಗುವಂತಿರಲಿಲ್ಲ.